ಕಡೆಯ ಗೇಟಿಗೆ ಕಳಿಸಿದ್ದು

ಮನಸ್ಸಿನ ಬೇನೆ ಬಲ್ಲವರು ಹೇಳಬೇಕಾದ ಸಂಗತಿಯಿದು. ಅಷ್ಟು ತಿಳಿವಳಿಕೆ ಇಲ್ಲದೆಯೂ ಹೇಳಲು ಹೊರಟಿದ್ದಕ್ಕೆ ಓದುವವರು ಕ್ಷಮಿಸಬೇಕು.

ಶಹಾಪುರದ ಕಡೆ ಕಾಲುವೆಗೆ ನೀರು ಬಂದು ಕೆಲವು ವರ್ಷಗಳಾಗಿದ್ದವು. ಅಲ್ಲಿ ಗೇಟು ಕಾಯುವ ಮಂದಿಗೆ ಅಮರಪ್ಪ ಮೇಲ್ವಿಚಾರಕ. ಗೇಟಿನ ಮುಂದಿನ ಕಬ್ಬಿಣದ ಜಾಲರಿಗೆ ಕಸ ಬಂದು ಸಿಗುತ್ತಿತ್ತು, ಸತ್ತ ಎಮ್ಮೆ ಸಿಗುತ್ತಿತ್ತು, ಒಮ್ಮೊಮ್ಮೆ ಮನುಷ್ಯರೂ. ಹೆಣ ಎಳೆದವನು ಅಂದು ದೂರ ಕೂತು ಉಣ್ಣಬೇಕು. ಅದರ ಮಾತನ್ನು ಯಾರೂ ಎತ್ತುವಂತಿಲ್ಲ. ಮರುದಿನ ಮಿಂದು ಬಂದರೆ ಯಾರಾದರೊಬ್ಬರು ಅವನ ಬುತ್ತಿಗೆ ಕೈಹಾಕಿ ರೊಟ್ಟಿ ಕಸಿಯುತ್ತಿದ್ದರು. ಅಲ್ಲಿಗೆ ಮುಗಿಯಿತು.

ದೋರನಹಳ್ಳಿಯ ಹುಲಗಪ್ಪನಿಗೆ ಮುಗಿಯಲಿಲ್ಲ. ಜೋಳ ತೆನೆಗಟ್ಟುವ ಹೊತ್ತಿಗೆ ಅವನು ಒಬ್ಬ ಹೆಣ್ಣುಮಗಳನ್ನು ಎಳೆದಿದ್ದ. ಅವಳು ತಮ್ಮವಳೆಂದು ಯಾರೂ ಬರಲಿಲ್ಲ. ಮರುದಿನವೂ ಅವನು ದೂರ ಕೂತ. ಆಮೇಲೂ ಅಷ್ಟೆ.

“ಏನಲೇ ಹುಲಗ್ಯಾ, ಹೊಸ ಅಳಿಯನಂಗ ಕುಂತೀದಿ? ಕರಿಯಾಕ ಬಾಜಾ ತರಬೇಕೇನು?” ಎಂದು ಜೊತೆಯ ಗುರಣ್ಣ ಕೆಣಕಿದ.

“ನೀವು ಉಣ್ರಿ. ನನ್ನ ಕೈ ಇನ್ನಾ ಹಸಿ ಅದಾವ.”

ಮಂದಿ ನಕ್ಕರು. ಅಮರಪ್ಪ ಆ ಕೈಗಳನ್ನು ನೋಡಿದ. ಒಣಗಿ ಬಿರುಕು ಬಿಟ್ಟಿದ್ದವು.

ಕೇಳಬೇಕೆನಿಸಿತು. ಕೇಳಿದರೆ ರೂಢಿ ಮುರಿದಂತೆ, ಗಾಯ ಕೆದರಿದಂತೆ ಎಂದು ಅಂಜಿದ. ರಂಗಂಪೇಟೆಯ ಆಚೆ, ಕಾಲುವೆ ಮುಗಿಯುವ ಮುಂಚೆ ಒಂದು ಸಣ್ಣ ಗೇಟಿತ್ತು, ಕಡೆಯದು. ಅಲ್ಲಿಯ ನೀರು ಮೊಣಕಾಲುದ್ದ; ಹೆಣ ಬರುವ ಮಾತಿಲ್ಲ.

“ಆ ಗೇಟಿಗಿ ಹೋಗು. ಹಗುರ ಕೆಲಸ. ಆರಾಮ ಮಾಡು,” ಎಂದ ಅಮರಪ್ಪ.

“ಅಲ್ಲಿ ಯಾರದಾರ್ರಿ?”

“ಯಾರೂ ಇಲ್ಲ. ಅದಕ್ಕ ಕಳಸಾಕತ್ತೀನಿ.”

“ಹೌದ್ರಿ” ಎಂದ ಹುಲಗಪ್ಪ.

ಎಳ್ಳಮಾಸಿ ಹಬ್ಬ ಮುಗಿದ ಮೇಲೆ ಅಮರಪ್ಪ ಸಜ್ಜೆರೊಟ್ಟಿ ಕಟ್ಟಿಕೊಂಡು ಕಡೆಯ ಗೇಟಿಗೆ ಹೋದ. ಕಾವಲಿನ ಚೌಕಿಯ ಮುಂದೆ ಎರಡು ತಾಟುಗಳಿದ್ದವು.

“ಯಾರು ಬಂದಿದ್ರೋ?”

“ಬರ್ತಾಳ್ರಿ. ಹೆಸರು ಹೇಳಂಗಿಲ್ಲ. ಯಾರೂ ಕೇಳಲಿಲ್ಲಂತ ಆಕಿಗಿ ಸಿಟ್ಟು.”

ಅಮರಪ್ಪ ರೊಟ್ಟಿಯ ಗಂಟನ್ನು ಕೆಳಗಿಟ್ಟ. “ನಡಿ, ಈಗ ಹೋಗೂಣು. ಯಾದಗಿರಿ ದವಾಖಾನಿಗಿ ನಾನ ಕರ್ಕೊಂಡು ಹೋಗ್ತೀನಿ.”

“ಗೇಟಿಗಿ ಯಾರ್ರಿ?”

ಅದೊಂದು ಮಾತಿಗೆ ಅಮರಪ್ಪ ಸೋತ. ಹೊಲಗಳಿಗೆ ನೀರಿನ ಪಾಳಿ ನಡೆದಾಗ ಗೇಟು ಬಿಟ್ಟು ಬರುವಂತಿರಲಿಲ್ಲ. ಮುಂಜಾನೆ ಗುರಣ್ಣನನ್ನು ಬದಲಿಗೆ ತರುವುದಾಗಿ ಹೇಳಿ ಹೊರಟ. “ಹೌದ್ರಿ” ಎಂದ ಹುಲಗಪ್ಪ. ಅದೇ ದನಿ.

ಮುಂಜಾನೆ ಇಬ್ಬರೂ ಬಂದಾಗ ಹುಲಗಪ್ಪ ಇರಲಿಲ್ಲ; ಗೇಟು ಬಿಗಿಯಾಗಿ ಮುಚ್ಚಿತ್ತು. ಎರಡೂ ತಾಟುಗಳನ್ನು ತೊಳೆದು ಬೋರಲು ಹಾಕಲಾಗಿತ್ತು. ಗೇಟಿನ ಕೆಳಗೆ ನೀರು ಬಸಿದು ಹೋದ ಕಾಲುವೆಯ ಹೂಳಿನಲ್ಲಿ ಬರಿಗಾಲಿನ ಹೆಜ್ಜೆಗಳು ನಡುವೆಯೇ ಸಾಗಿ, ಕಲ್ಲು ಹಾಸಿದ ಕಡೆ ನಿಂತುಹೋಗಿದ್ದವು. ಒಬ್ಬನವೇ ಹೆಜ್ಜೆಗಳು. ಗುರಣ್ಣ ಅಂದು ಯಾರನ್ನೂ ಕೆಣಕಲಿಲ್ಲ.

ಹುಲಗಪ್ಪನ ಹೆಂಡತಿ ಮಾನಮ್ಮ ಬಂದು ಏರಿಯ ಮೇಲೆ ಕೂತಳು. ಅಳಲಿಲ್ಲ. “ಮಂದ್ಯಾಗ ಇದ್ದಿದ್ರ ಯಾರರ ಅವನ ರೊಟ್ಟಿ ಕಸಗೊಂತಿದ್ರು. ಒಬ್ಬನ್ನ ಯಾಕ ಕಳಿಸಿದ್ರಿ?”

ಈಗ ಯಾರಾದರೂ ಹೆಣ ಎಳೆದರೆ ಅಮರಪ್ಪ ರೂಢಿ ಮುರಿದು ಅವರ ಪಕ್ಕ ಹೋಗಿ ಕೂರುತ್ತಾನೆ, ಏನು ಕಂಡಿ ಎಂದು ಕೇಳುತ್ತಾನೆ. ಕೆಲವರು ಅಳುತ್ತಾರೆ, ಕೆಲವರು ಬೈಯುತ್ತಾರೆ.

ಹುಲಗಪ್ಪ ಕಲ್ಲು ದಾಟಿ ಎತ್ತ ಹೋದನೋ ಇಂದಿಗೂ ಗೊತ್ತಿಲ್ಲ. ಮೊದಲ ದಿನವೇ ಕೇಳಿದ್ದರೆ ಉಳಿಯುತ್ತಿದ್ದನೋ, ಅದೂ ಗೊತ್ತಿಲ್ಲ.