ಸೂತಕದ ಮನೆಯ ಹಪ್ಪಳ

ಪ್ರಫುಲ್ಲಾ ತೀರಿಕೊಂಡ ಸುದ್ದಿ ಮಡಂತ್ಯಾರು ಪೇಟೆಗೆ ತಿಳಿದ ದಿನ ಸಂಜೆ, ಫೋನಿನೊಳಗೆ ಅವಳು ಕಾಲು ಚಾಚಿ ಕುಳಿತು ಹಲಸಿನ ತೊಳೆ ಬಿಡಿಸುತ್ತಿದ್ದಳು.

ದಹನದ ಕೆಲಸ ಮುಗಿಸಿ, ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಜಗಲಿಯ ಮೇಲೆ ಕುಳಿತಿದ್ದ ಅವಳ ಗಂಡ ಸಂಕಪ್ಪ ಶೆಟ್ಟರಿಗೆ ಅದನ್ನು ತೋರಿಸಿದವಳು ಆಚೆಮನೆಯ ಬೀಪಾತುಮ್ಮ. ಅಂಗಳದಲ್ಲೇ ನಿಂತು, ಫೋನನ್ನು ಸೆರಗಿನ ಮರೆಯಿಂದ ಅರ್ಧ ಹೊರಗೆ ತೆಗೆದು ಹೇಳಿದಳು.

"ಸಂಕಪ್ಪಣ್ಣ, ಬೇಜಾರು ಮಾಡ್ಬೇಡಿ. ನಮ್ಮ ಮಗಳು ಉಝ್ಮಾ ಶಾರ್ಜಾದಿಂದ ಫೋನ್ ಮಾಡಿದಳು. 'ಉಮ್ಮ, ಪ್ರಫುಲ್ಲಕ್ಕ ಹೋದರು ಅಂತ ಎಂತದಕ್ಕೆ ಸುಳ್ಳು ಹೇಳ್ತೀ, ಈಗ ಹಪ್ಪಳ ಮಾಡ್ತಾ ಇದ್ದಾರಲ್ಲ' ಅಂತ ನನಗೇ ಬೈದಳು. ನಾನು ಅವಳಿಗೆ ಎಂತ ಹೇಳಲಿ?"

ಸಂಕಪ್ಪ ಶೆಟ್ಟರು ನೋಡಿದರು. ಫೋನಿನಲ್ಲಿದ್ದವಳು ಕೈಗೆ ಎಣ್ಣೆ ಸವರಿಕೊಂಡು, "ಮೇಣ ಅಂಟಿದರೆ ನನ್ನ ಹತ್ತಿರ ದೂರು ಹೇಳಬೇಡಿ, ಹಲಸಿನ ಹತ್ತಿರ ಹೇಳಿ," ಎಂದು ನಗುತ್ತಿದ್ದಳು. ಶೆಟ್ಟರು ಮುಖ ತಿರುಗಿಸಿದರು. ತೋಟದ ಮೂಲೆಯಲ್ಲಿ ಹೊಗೆ ಇನ್ನೂ ಏಳುತ್ತಿತ್ತು.

ಇದು ಶಿಶಿರನ ಕೆಲಸ. ಶಿಶಿರ್ ಅವರ ತಂಗಿಯ ಮಗ; ಮೂಡುಬಿದಿರೆಯಲ್ಲಿ ಅಂಗಡಿ, ಹೋಟೆಲುಗಳ ಪೇಜು ನೋಡಿಕೊಳ್ಳುವ ಉದ್ಯೋಗ. ಪ್ರಫುಲ್ಲಾಳಿಗೆ ಫೋನು ಬಳಸಲು ಕಲಿಸಿ, ಹಪ್ಪಳ ಮಾರುವ ಪೇಜು ಮಾಡಿಕೊಟ್ಟವನೂ ಅವನೇ. ತೆಗೆದಿಟ್ಟ ವಿಡಿಯೊಗಳು ದಿನಕ್ಕೊಂದರಂತೆ ತಾವಾಗಿಯೇ ಹೊರಬರುವ ಹಾಗೆ ಹಿಂದೆಯೇ ಜೋಡಿಸಿಟ್ಟಿದ್ದ. ಸಾವಿನ ಗಡಿಬಿಡಿಯಲ್ಲಿ ಅದನ್ನು ನಿಲ್ಲಿಸಲು ಮರೆತಿರಬೇಕು ಎಂದುಕೊಂಡರು ಶೆಟ್ಟರು.

ಆದರೆ ಮರುದಿನವೂ ಅವಳು ಬಂದಳು. ಅದರ ಮರುದಿನ ಒರಳಿನ ಮುಂದೆ ಕುಳಿತು, ಬೇಯಿಸಿದ ತೊಳೆಗೆ ಉಪ್ಪು ಮೆಣಸು ಹಾಕಿ ಕುಟ್ಟಿದಳು. ಮಾತನಾಡಿಸಲು ಬಂದಿದ್ದ ನೆಂಟರೊಬ್ಬರು ಮೂಗೆಳೆದು ಕೇಳಿಯೇಬಿಟ್ಟರು: "ಏನು ಸಂಕಪ್ಪಣ್ಣ, ಸೂತಕದ ಮನೆಯಲ್ಲಿ ಹಪ್ಪಳದ ಒಲೆ ಆರಲೇ ಇಲ್ಲವಾ? ಮುಂಬೈಯಲ್ಲಿ ನನ್ನ ಸೊಸೆ ನಿನ್ನೆ ಆರ್ಡರ್ ಕೊಟ್ಟಳಂತೆ!"

ಆ ಮಾತು ಶೆಟ್ಟರ ಎದೆಗೆ ನಾಟಿತು. ಉತ್ತರಕ್ರಿಯೆಯ ಬೊಜ್ಜದ ದಿನ ಅನ್ನ ಬಡಿಸಿ ಬೀಳ್ಕೊಡುವವರೆಗೂ ಹೋದವರ ಜೀವ ಮನೆಯ ಸುತ್ತಲೇ ಇರುತ್ತದೆಂದು ಅವರು ಹುಟ್ಟಿದಂದಿನಿಂದ ನಂಬಿದವರು. ಅದಕ್ಕೇ ಆ ದಿನಗಳಲ್ಲಿ ಮನೆಯ ಒಲೆಯ ಮೇಲೆ ಹೊರಗಿನವರಿಗಾಗಿ ಏನೂ ಬೇಯುವುದಿಲ್ಲ. ಫೋನಿನೊಳಗೆ ಮಾತ್ರ ಅವಳಿಗೆ ಬಿಡುವೇ ಇಲ್ಲ. ಹೀಗೆ ದಿನಾ ದುಡಿಸಿದರೆ ಅವಳು ಹೊರಡುವುದು ಹೇಗೆ?

ಆ ಪೇಜು ಬೆಳೆದದ್ದು ಅವಳ ಮಾತಿನಿಂದ. ಫೋನು ಹಿಡಿದು ನಿಲ್ಲುವುದಷ್ಟೇ ಶೆಟ್ಟರ ಕೆಲಸ. ಯಾರು ಏನು ಬರೆದರೂ ಅವಳು ಉತ್ತರ ಕೊಡುತ್ತಿದ್ದಳು. ಬರೆಯಲು ಬೇಸರವಾದರೆ ಮಾತನಾಡಿಯೇ ಕಳಿಸುತ್ತಿದ್ದಳು. ಒಡೆದ ಹಪ್ಪಳವನ್ನು ಮರೆಮಾಡದೆ ತೋರಿಸುತ್ತಿದ್ದಳು. ಮೋಡ ಕವಿದ ವಾರ, "ಈ ಸಲ ತೆಗೆದುಕೊಳ್ಳಬೇಡಿ, ಸರಿಯಾಗಿ ಒಣಗಲಿಲ್ಲ," ಎಂದು ತಾನೇ ಹೇಳುತ್ತಿದ್ದಳು. ಕೊಳ್ಳುವ ಹೆಂಗಸರ ಅಜ್ಜಿಯಂದಿರು ಯಾವ ಊರಿನಲ್ಲಿ ಹೇಗೆ ಮಾಡುತ್ತಿದ್ದರೆಂದು ಕೇಳಿ, ಅದನ್ನೇ ಮಾಡಿ ತೋರಿಸಿ, ಆ ಅಜ್ಜಿಯ ಹೆಸರನ್ನು ಹೇಳುತ್ತಿದ್ದಳು. ಅವರು ತಮ್ಮ ಅಕ್ಕತಂಗಿಯರನ್ನು ಕರೆದುಕೊಂಡು ಬರುತ್ತಿದ್ದರು. ಜಾಹೀರಾತಿಗೆ ಸ್ವಲ್ಪ ಹಣ ಹಾಕುವ ಎಂದು ಶಿಶಿರ್ ಎಷ್ಟು ಸಲ ಹೇಳಿದ್ದನೋ. "ಬಸ್‌ಸ್ಟ್ಯಾಂಡಿನಲ್ಲಿ ಕೂಗಿ ಕರೀಲಿಕ್ಕೆ ನಮ್ಮದೇನು ಲಾಟರಿ ಅಂಗಡಿಯಾ ಮಾರಾಯ?" ಎಂದು ಅವಳು ಅವನ ಬೆನ್ನಿಗೆ ಗುದ್ದುತ್ತಿದ್ದಳು.

ಅಂದು ಸಂಜೆ ಶಿಶಿರ್ ಬಂದಾಗ ಶೆಟ್ಟರು ನೇರವಾಗಿ ಹೇಳಿದರು. "ಅದನ್ನು ನಿಲ್ಲಿಸು."

ಶಿಶಿರ್ ತಲೆ ತಗ್ಗಿಸಿದ. ಅತ್ತು ಅತ್ತು ಅವನ ಕಣ್ಣೂ ಊದಿತ್ತು. "ಮಾವ, ಮೊದಲನೇ ದಿನ ಮರೆತದ್ದು ಹೌದು. ಆಮೇಲೆ ಬೇಕಂತಲೇ ಬಿಟ್ಟೆ. ನಡುವೆ ಖಾಲಿ ಬಿದ್ದರೆ ಪೇಜು ಯಾರ ಕಣ್ಣಿಗೂ ಬೀಳೋದಿಲ್ಲ. ಮಾಮಿ ಕಟ್ಟಿದ್ದೆಲ್ಲ ಹೋಗ್ತದೆ. ಜನ ಮರೀತಾರೆ."

"ಮರೀಲಿ."

"ಬೊಜ್ಜ ಆದಮೇಲೆ ನಾವೇ ಹೇಳುವ. ಚಂದದ ಒಂದು ವಿಡಿಯೊ ಮಾಡುವ. ಅದಕ್ಕೆ ಮಾತ್ರ ಸ್ವಲ್ಪ ದುಡ್ಡು ಹಾಕುವ, ಲಕ್ಷ ಜನ ನೋಡ್ತಾರೆ. ನೀವು ಅಳಬೇಕೂಂತಿಲ್ಲ, ಮಾಮಿಯ ಪಟದ ಮುಂದೆ ಸುಮ್ಮನೆ ಕೂತರೆ ಸಾಕು. ಹಿಂದಿನಿಂದ ನಾನು ಕೊಳಲು ಹಾಕ್ತೇನೆ."

"ಕೊಳಲು ನನ್ನ ಬೊಜ್ಜಕ್ಕೆ ಹಾಕು. ಅವಳದ್ದಕ್ಕೆ ಬೇಡ."

"ಮಾವ, ನಿಮಗೆ ಇದು ಅರ್ಥ ಆಗೋದಿಲ್ಲ—"

"ಆಗ್ತದೆ. ಬದುಕಿದ್ದಾಗ ಒಬ್ಬರಿಗೂ ಅವಳು ಸುಳ್ಳು ಹೇಳಲಿಲ್ಲ. ಸತ್ತ ಮೇಲೆ ನೀನು ಅವಳ ಬಾಯಿಂದ ಹೇಳಿಸ್ತಾ ಇದ್ದೀ. ಜನ ಅವಳು ಇದ್ದಾಳೆ ಅಂತ ದುಡ್ಡು ಕಳಿಸ್ತಾರೆ. ಮಾಡುವವರು ಯಾರು? ನೀನಾ? ನಿನಗೆ ತೊಳೆ ಬಿಡಿಸಲಿಕ್ಕಾದರೂ ಬರ್ತದಾ?"

ಶೆಟ್ಟರು ಎದ್ದು ಒಳಗೆ ಹೋಗಿ, ಗೂಡಿನಲ್ಲಿದ್ದ ಅವಳ ಫೋನನ್ನು ತಂದರು. ಯಾವುದನ್ನು ಒತ್ತಿದರೆ ಆ ಗಳಿಗೆಗೇ ಎಲ್ಲರಿಗೂ ಕಾಣುತ್ತದೆಂಬುದು ಅವರಿಗೆ ಗೊತ್ತಿತ್ತು. ಅವಳಿಗಾಗಿ ಅವರೇ ಒತ್ತುತ್ತಿದ್ದುದು. ಈ ಸಲ ಫೋನನ್ನು ತಮ್ಮ ಮುಖದ ಕಡೆಗೆ ತಿರುಗಿಸಿ, ಜಗಲಿಯ ಕಂಬಕ್ಕೆ ಒರಗಿಸಿಟ್ಟರು.

"ಮಾವ, ಒಂದು ಅಂಗಿಯಾದರೂ ಹಾಕ್ಕೊಳ್ಳಿ," ಎಂದ ಶಿಶಿರ್.

"ಸೂತಕದವನಿಗೆ ಎಂತ ಶೃಂಗಾರ?" ಎಂದು ಹೆಗಲ ಮೇಲಿನ ಬೈರಾಸು ಬಟ್ಟೆಯನ್ನು ಸರಿಮಾಡಿಕೊಂಡು, ಮನೆಮಾತಿನ ತುಳು ಬಿಟ್ಟು, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ನಿಧಾನವಾಗಿ ಹೇಳತೊಡಗಿದರು.

"ನಾನು ಪ್ರಫುಲ್ಲಾಳ ಗಂಡ. ಪ್ರಫುಲ್ಲಾ ಮೊನ್ನೆ ತೀರಿಕೊಂಡಿದ್ದಾಳೆ. ಆಮೇಲೆ ನೀವು ಇಲ್ಲಿ ನೋಡಿದ್ದೆಲ್ಲ ಹಿಂದಿನದ್ದು. ಅದು ತಪ್ಪಾಯಿತು, ಕ್ಷಮಿಸಬೇಕು. ಹಣ ಕಳಿಸಿದವರಿಗೆಲ್ಲ ವಾಪಸ್ ಬರ್ತದೆ. ಬೊಜ್ಜ ಆಗುವವರೆಗೆ ಈ ಮನೆಯಲ್ಲಿ ಹಪ್ಪಳ ಇಲ್ಲ. ಕಾಯುವವರು ಕಾಯಿರಿ, ಹೋಗುವವರು ಹೋಗಿ, ನಮಗೆ ಬೇಸರ ಇಲ್ಲ. ಆಮೇಲೆ ಮಾಡಿದರೆ ನಾನೇ ಮಾಡ್ತೇನೆ. ನನ್ನ ಕೈಯಲ್ಲಿ ದಪ್ಪ ಆಗ್ತದೆ. ದಪ್ಪ ಅಂತ ಹೇಳಿಯೇ ಕೊಡ್ತೇನೆ. ನೀವು ಯಾವ ದೇವರಿಗೆ ಕೈ ಮುಗಿಯುವವರೋ, ಆ ದೇವರ ಹತ್ತಿರ ಅವಳಿಗಾಗಿ ಒಂದು ಮಾತು ಹೇಳಿ."

ಒತ್ತಿ ನಿಲ್ಲಿಸಿದರು.

ಶಿಶಿರ್ ತನ್ನ ಫೋನು ತೆಗೆದು, ಜೋಡಿಸಿಟ್ಟಿದ್ದ ವಿಡಿಯೊಗಳನ್ನು ಒಂದೊಂದಾಗಿ ನಿಲ್ಲಿಸಿದ. ಆಮೇಲೆ ಬರತೊಡಗಿದ ಮಾತುಗಳನ್ನು ಓದಿ ಹೇಳಿದ. ಕೆಲವರು ಹಣ ವಾಪಸ್ ಕೇಳಿದ್ದರು. ಹಲವರು ಅತ್ತಿದ್ದರು. ಪುಣೆಯ ಒಬ್ಬಳು ತನ್ನ ಅಜ್ಜಿಯ ಪಟದ ಮುಂದಿನ ದೀಪದ ಪಕ್ಕದಲ್ಲೇ ಪ್ರಫುಲ್ಲಕ್ಕನಿಗೂ ಒಂದು ದೀಪ ಹಚ್ಚಿದ್ದೇನೆ ಎಂದು ಬರೆದಿದ್ದಳು.

"ಒಬ್ಬ 'ಎಲ್ಲ ನಾಟಕ' ಅಂತ ಬರೆದಿದ್ದಾನೆ. ತೆಗೆದುಹಾಕ್ತೇನೆ."

"ತೆಗೀಬೇಡ. ಅವನಿಗೂ ಉತ್ತರ ಕೊಡು. ಬೊಜ್ಜಕ್ಕೆ ಬಂದು ಊಟ ಮಾಡಿ ಹೋಗಲಿಕ್ಕೆ ಹೇಳು."

ಶಿಶಿರನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಆದರೂ ಬರೆದ.

ಬೊಜ್ಜದ ದಿನ ಅಂಗಳ ತುಂಬ ಜನ. ಗುರುತಿಲ್ಲದ ನಾಲ್ಕಾರು ಹೆಂಗಸರು ಉಜಿರೆಯ ಕಡೆಯಿಂದ ಬಸ್ಸಿನಲ್ಲಿ ಬಂದು, ಬೀಪಾತುಮ್ಮನ ಪಕ್ಕದಲ್ಲಿ ಕುಳಿತಿದ್ದರು. ಯಾರೂ ಫೋನು ಹೊರಗೆ ತೆಗೆಯಲಿಲ್ಲ. ಒಳಕೋಣೆಯಲ್ಲಿ ಪ್ರಫುಲ್ಲಾಳಿಗೆಂದು ಬಾಳೆಲೆ ಹಾಕಿ, ಅವಳಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಲೋಟದಲ್ಲಿ ನೀರಿಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಹೋದವರು ಉಣ್ಣುವ ಹೊತ್ತು; ಯಾರೂ ಮಾತನಾಡುವುದಿಲ್ಲ.

ಮುಚ್ಚಿದ ಬಾಗಿಲಿನ ಎದುರು ಸಂಕಪ್ಪ ಶೆಟ್ಟರು ಕೈ ಜೋಡಿಸಿ ನಿಂತರು. ದೇವರೇ, ಅವಳು ಅವಸರವಿಲ್ಲದೆ ಹೊಟ್ಟೆತುಂಬ ಉಣ್ಣಲಿ. ಎದ್ದು ಹೊರಟಾಗ ಈ ಮನೆಯ ಯಾವ ಕೆಲಸವೂ ಅವಳನ್ನು ಹಿಂದಕ್ಕೆ ಕರೆಯದಿರಲಿ. ನಮ್ಮ ಹಿರಿಯರ ಸಾಲಿನಲ್ಲಿ ಅವಳಿಗೆ ಜಾಗ ಕೊಡು. ಅವಳಿಗೆ ಶಾಂತಿ ಕೊಡು.