ಒಂದೂ ಬಿಡಬೇಡ

ವೆನಿಲ್ಲಾ ಹೂವು ಬೆಳಗ್ಗೆ ಅರಳಿ ಮಧ್ಯಾಹ್ನದೊಳಗೆ ಬಾಡಿಬಿಡುತ್ತದೆ. ಅಷ್ಟರಲ್ಲಿ ಯಾರಾದರೂ ಅದಕ್ಕೆ ಪರಾಗ ಮುಟ್ಟಿಸಬೇಕು. ಇಲ್ಲದಿದ್ದರೆ ಕಾಯಿ ಕಚ್ಚುವುದಿಲ್ಲ.

ಎಲ್ಲರೂ ಮೂಗಿ ಎಂದು ಕರೆಯುವ ಹುಡುಗಿಗೆ ಈ ಕೆಲಸ ಕಲಿಸಿದ್ದು ಅವಳ ಅಮ್ಮ. ಅವಳು ನಿಜವಾಗಿ ಮೂಗಿಯಲ್ಲ, ಮಾತು ಕಡಿಮೆ, ಅಷ್ಟೇ. ಅಮ್ಮ ಅವಳಿಗೆ ನೆಂಟರ ಗುರುತು ಹೇಳಿದ ಹಾಗೆ ಹೂಗಳ ಗುರುತು ಹೇಳುತ್ತಿದ್ದಳು. ದಾಸವಾಳ ಬಾಯಿಬಡುಕಿ, ಕೇಸರ ಪರಾಗ ಎಲ್ಲವನ್ನೂ ಬೀದಿಗೆ ಚಾಚಿಕೊಂಡು ನಿಂತಿರುತ್ತದೆ. ಕುಂಬಳದಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಹೆಣ್ಣಿನ ಬುಡದಲ್ಲಿ ಅರಳುವ ಮೊದಲೇ ಪುಟ್ಟ ಕಾಯಿ ಕೂತಿರುತ್ತದೆ. ವೆನಿಲ್ಲಾದಲ್ಲಿ ಗಂಡುಭಾಗ ಹೆಣ್ಣುಭಾಗ ಎರಡೂ ಒಂದೇ ಮನೆಯಲ್ಲಿ, ನಡುವೆ ತೆಳ್ಳನೆಯ ಪರದೆ. ಹಲ್ಲುಕಡ್ಡಿಯಿಂದ ಪರದೆ ಎತ್ತಿ ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರೆ ಪರಾಗ ಅಂಟಿಕೊಳ್ಳುತ್ತದೆ.

"ಗೊಂಚಲಲ್ಲಿ ಅರ್ಧ ಹೂವು ಸಾಕು, ಉಳಿದದ್ದು ಉದುರಲಿ," ಎನ್ನುತ್ತಿದ್ದಳು ಅಮ್ಮ. "ಎಲ್ಲಾನೂ ಬಸುರಿ ಮಾಡಿದ್ರೆ ಬಳ್ಳಿ ಹೆತ್ತು ಹೆತ್ತೇ ಸಾಯುತ್ತೆ."

ಅಪ್ಪ ತೀರಿಕೊಂಡ ಮೇಲೆ ಹಸಿರು ಬಲೆ ಹೊದಿಸಿದ ವೆನಿಲ್ಲಾ ಚಪ್ಪರ ಚಿಕ್ಕಪ್ಪನ ಕೈಗೆ ಹೋಯಿತು. ಬಳ್ಳಿಗಳೆಲ್ಲ ಅಮ್ಮ ನೆಟ್ಟವು. ಒಂದು ದಿನ ಚಿಕ್ಕಪ್ಪ ಉದುರಿದ ಹೂಗಳನ್ನು ಗುಡಿಸಿ ತಂದು, ಕೆಲಸದ ಹೆಂಗಸರೆಲ್ಲ ನೋಡುತ್ತಿದ್ದಂತೆ ಅಮ್ಮನ ಕಾಲ ಬುಡಕ್ಕೆ ಸುರಿದ.

"ಬೇಕಂತಲೇ ಹಾಳು ಮಾಡ್ತಿದೀರಾ ಅತ್ತಿಗೆ? ಅಣ್ಣನನ್ನೇ ತಿಂದ ಕೈ, ಇದರಲ್ಲಿ ಕಾಯಿ ಎಲ್ಲಿ ಕಚ್ಚಬೇಕು!"

ಅಮ್ಮ ಹಲ್ಲುಕಡ್ಡಿಯ ಡಬ್ಬಿಯನ್ನು ಕಂಬದ ಪಕ್ಕ ಇಟ್ಟು ಹೊರಟುಹೋದಳು. ಈಗ ಅವಳು ಆಸ್ಪತ್ರೆಯ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾಳೆ. ಚಿಕ್ಕಪ್ಪ ಮೂಗಿಯನ್ನು ಶಾಲೆ ಬಿಡಿಸಿ ಅದೇ ಡಬ್ಬಿಯನ್ನು ಅವಳ ಕೈಗಿತ್ತ.

"ಏ ಮೂಗಿ, ಒಂದು ಹೂವೂ ಬಿಡಬೇಡ. ತಿಳೀತಾ?"

ಅವಳು ತಲೆಯಾಡಿಸಿದಳು. ಒಂದೂ ಬಿಡುವುದಿಲ್ಲವೆಂದು ಆಗಲೇ ಗಟ್ಟಿ ಮಾಡಿಕೊಂಡಳು.

ದಿನವೂ ಬೆಳಗ್ಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದಳು. ಎತ್ತರದಲ್ಲಿದ್ದ ಹೂವಿಗೆ ಸ್ಟೂಲು ಹತ್ತಿದಳು, ಎಲೆಯ ಮರೆಯಲ್ಲಿದ್ದದ್ದಕ್ಕೆ ನೆಲಕ್ಕೆ ಕೂತು ಕತ್ತು ಬಗ್ಗಿಸಿದಳು. ಪ್ರತಿ ಹೂವಿನ ಪರದೆ ಎತ್ತುವಾಗಲೂ ಅಮ್ಮನ ಕಾಲ ಬುಡದ ಆ ರಾಶಿ ಕಣ್ಣಮುಂದೆ ಬರುತ್ತಿತ್ತು. ಹಿಂದಿನ ಮೂಲೆಯ ಒಂದು ಬಳ್ಳಿಗೆ ಮಾತ್ರ ಅಮ್ಮ ಹೇಳಿದಷ್ಟೇ ಮಾಡಿದಳು.

ಗೊಂಚಲುಗಳು ಬಾಚಣಿಗೆಯ ಹಾಗೆ ಒತ್ತಾಗಿ ಇಳಿಬಿದ್ದವು. ಚಿಕ್ಕಪ್ಪನ ಕಾಲು ನೆಲದ ಮೇಲಿರಲಿಲ್ಲ. ಬಂದವರಿಗೆಲ್ಲ ತೋರಿಸಿ, "ನಮ್ಮ ಹುಡುಗಿ ಕೈ ನೋಡಿ! ಇವಳಮ್ಮನಿಗೂ ಇತ್ತು ಕೈ, ಬಾಯಿಗೆ ಅನ್ನ ಇಟ್ಕೊಳ್ಳೋಕೆ," ಎಂದು ನಗುತ್ತಿದ್ದ.

ಒಂದು ಸಲ ಮಾತ್ರ ಗೊಂಚಲನ್ನು ಅಂಗೈಯಲ್ಲಿ ತೂಗಿ ನೋಡಿ ಅನುಮಾನಿಸಿದ. "ಇಷ್ಟೊಂದು ಕಾಯಿ ಬಳ್ಳಿ ತಡೆಯುತ್ತೇನೇ?"

ಆಗ ಹೇಳಿದ್ದರೂ ಅರ್ಧ ಕಾಯಿ ಕಿತ್ತು ಬಳ್ಳಿ ಉಳಿಸಬಹುದಿತ್ತು. ಅದು ಅವಳಿಗೂ ಗೊತ್ತಿತ್ತು.

"ಅಮ್ಮ ಬೇಕಂತಲೇ ಹೂ ಬಿಟ್ಟು ಹಾಳು ಮಾಡಿದ್ದು ಅಂತ ನೀವೇ ಅಂದ್ರಲ್ಲ ಚಿಕ್ಕಪ್ಪ," ಎಂದಳು.

"ಅಬ್ಬಾ, ಮೂಗಿ ಬಾಯಿ ಬಿಟ್ಲು!" ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಆ ಮಾತೇ ಎತ್ತಲಿಲ್ಲ.

ಕಾಯಿ ಬಲಿಯುತ್ತಾ ಬಂದ ಹಾಗೆ ಎಲೆ ಹಳದಿಯಾಯಿತು. ಕುಯ್ಲು ಮುಗಿಯುವ ಹೊತ್ತಿಗೆ ಬಳ್ಳಿಗಳು ಸುಕ್ಕುಗಟ್ಟಿ, ಬೇರು ಕೊಳೆತು, ಹೊಸ ಚಿಗುರೇ ಇಲ್ಲದಾಯಿತು. ಗೊಬ್ಬರ, ಔಷಧಿ ಯಾವುದೂ ನಾಟಲಿಲ್ಲ. ಕೊನೆಗೆ ಚಿಕ್ಕಪ್ಪ ಆಸ್ಪತ್ರೆಯ ಹಿಂಬಾಗಿಲಲ್ಲಿ ಬಂದು ನಿಂತ.

"ಅತ್ತಿಗೆ, ಒಂದ್ಸಲ ಬಂದು ನೋಡಿ. ನೀವೇ ನೆಟ್ಟಿದ್ದಲ್ವಾ?"

ಅಮ್ಮ ಕೈ ಒರೆಸಿಕೊಂಡು ಬಂದಳು. ಒಂದೊಂದೇ ಬಳ್ಳಿಯನ್ನು ಚಿವುಟಿ ನೋಡುತ್ತಾ ಹೋದಳು. ಕಾಂಡದಲ್ಲಿ ಕಾಯಿಯ ತೊಟ್ಟು ಕಿತ್ತ ಗುರುತು ಒಂದರ ಪಕ್ಕ ಒಂದು, ಎಲ್ಲೂ ಬಿಡುವಿಲ್ಲ. ಹಿಂದಿನ ಮೂಲೆಗೆ ಬಂದಾಗ ಅಲ್ಲೊಂದು ಬಳ್ಳಿ ಹಸಿರಾಗಿ ಚಿಗುರು ಬಿಟ್ಟುಕೊಂಡಿತ್ತು. ಅಮ್ಮ ತಿರುಗಿ ಮಗಳನ್ನು ನೋಡಿದಳು. ಆ ನೋಟಕ್ಕೆ ಮೂಗಿಗೆ ತಲೆ ತಗ್ಗಿಸಬೇಕೆನಿಸಿತು. ತಗ್ಗಿಸಲಿಲ್ಲ.

"ಏನು ಮಾಡೋದು ಅತ್ತಿಗೆ?"

"ಗಂಡನನ್ನ ತಿಂದ ಕೈ ನಂದು. ನನ್ನ ಕೇಳ್ತೀಯಲ್ಲಪ್ಪ."

ಅಮ್ಮ ಮೂಲೆಯ ಬಳ್ಳಿಯಿಂದ ಉದ್ದನೆಯ ತುಂಡೊಂದನ್ನು ಕತ್ತರಿಸಿ ಸೆರಗಿನಲ್ಲಿ ಸುತ್ತಿಕೊಂಡಳು. ಚಿಕ್ಕಪ್ಪ ಆ ಬಳ್ಳಿಯನ್ನು ನೋಡಿದ, ಉಳಿದವನ್ನು ನೋಡಿದ. ಆಮೇಲೆ ಮೂಗಿಯನ್ನು ನೋಡಿದ. ಮುಖ ಕಪ್ಪಿಟ್ಟಿತು.

"ನೀನೇನೇ ಮಾಡಿದ್ದು?"

"ನೀವು ಹೇಳಿದ್ದೇ ಚಿಕ್ಕಪ್ಪ. ಒಂದೂ ಬಿಡಲಿಲ್ಲ."

ಅವಳು ಹಲ್ಲುಕಡ್ಡಿಯ ಡಬ್ಬಿಯನ್ನು ಅದೇ ಕಂಬದ ಪಕ್ಕ ಇಟ್ಟು ಅಮ್ಮನ ಹಿಂದೆ ಹೊರಟಳು.

ಅರ್ಧ ದಾರಿಯವರೆಗೂ ಬಿರಬಿರನೆ ನಡೆದ ಅಮ್ಮ ಅಲ್ಲಿ ನಿಂತಳು. ಸೆರಗಿನೊಳಗಿನ ತುಂಡನ್ನು ಎಳೆಗೂಸಿನ ಹಾಗೆ ಎದೆಗೆ ಒತ್ತಿಕೊಂಡಿದ್ದಳು.

"ಬಳ್ಳಿಗಳು ನಿನಗೇನು ಮಾಡಿದ್ವೇ?"

ಮೂಗಿ ಸೆರಗಿನಿಂದ ಹೊರಚಾಚಿದ್ದ ಚಿಗುರನ್ನು ಮೆಲ್ಲಗೆ ಒಳಗೆ ಸೇರಿಸಿದಳು.

"ಇದು ಹೂ ಬಿಡೋಕೆ ಇನ್ನು ವರ್ಷಗಟ್ಟಲೆ ಬೇಕು," ಎಂದಳು ಅಮ್ಮ, ಸಿಟ್ಟಿನಲ್ಲೇ.

"ಬೇಕಾಗ್ಲಿ. ಕಾಯೋದು ನಂಗೆ ಅಭ್ಯಾಸ ಆಗಿದೆ."