ರಂಗಂಪೇಟೆಯ ಫ್ಲೆಕ್ಸಿನಲ್ಲಿರುವ ಟಗರು

ಸೀಟಿ ಹೊಡೆಯಲು ಬಾಯಿ ಸಿದ್ಧ ಮಾಡಿಕೊಳ್ಳಿ, ಹೀರೋ ಬರುತ್ತಿದ್ದಾನೆ. ದೇವಾಪುರದ ಕುರುಬರ ಹಣಮೇಶ ಅಂದರೆ ಸಾಮಾನ್ಯನಲ್ಲ. ಸಾವ್ಕಾರನ ಮಗನ ದುಬಾರಿ ಫೋನನ್ನು ಟಗರಿನ ಕೊರಳಿಗೆ ಕಟ್ಟಿ, ಹಿಂದೆ ನಾಯಿ ಛೂ ಬಿಟ್ಟು, ಆ ಟಗರಿಗೇ ಐದು ಕಿಲೋಮೀಟರ್ ಓಟದಲ್ಲಿ ಮೊದಲ ಸ್ಥಾನ ಕೊಡಿಸಿದವನು. ರಂಗಂಪೇಟೆಯ ಫ್ಲೆಕ್ಸಿನಲ್ಲಿ ಹಾರ ಹಾಕಿಕೊಂಡು ನಗುತ್ತಿರುವ ಸಾವ್ಕಾರನ ಮಗ ಶರಣಕುಮಾರನನ್ನು ಕಂಡಾಗಲೆಲ್ಲ ಊರ ಹುಡುಗರು "ಬ್ಯಾ" ಎನ್ನುವುದು ಅದಕ್ಕೇ. ನಿಮ್ಮಲ್ಲಿ ಯಾರಿಗಾದರೂ ಇದೆಯೇ ಇಂಥ ಗುಂಡಿಗೆ?

ಈಗ ಫ್ಲ್ಯಾಶ್‌ಬ್ಯಾಕ್. ಕೊರೊನಾದ ಎರಡನೇ ವರ್ಷ. ಕ್ರೀಡಾಕೂಟ ರದ್ದು. ಎಲ್ಲರೂ ತಮ್ಮ ತಮ್ಮ ಊರಲ್ಲೇ ಓಡಬೇಕು, ಜೇಬಿನ ಫೋನು ದೂರವನ್ನೂ ಸಮಯವನ್ನೂ ಅಳೆದು ಕಳಿಸುತ್ತದೆ. ಇಡೀ ಕಾಲೇಜಿಗೆ ಮೊದಲ ಸ್ಥಾನ ಬಂದವನೊಬ್ಬನಿಗೆ ಮಾತ್ರ ಯುನಿವರ್ಸಿಟಿ ತಂಡದಲ್ಲಿ ಜಾಗ. ಹಣಮೇಶನಿಗೆ ಇಪ್ಪತ್ತೈದು ತುಂಬುತ್ತಿತ್ತು, ನಿಯಮದ ಪ್ರಕಾರ ಇದೇ ಕೊನೆಯ ಅವಕಾಶ. ಅರ್ಹತೆಯ ಫಾರ್ಮಿಗೆ ಸಹಿ ಬೇಕಿತ್ತು. ಅವನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು. ಸಹಿ, ಓಟ ಅಳೆಯುವ ಫೋನು ಎರಡನ್ನೂ ಕೇಳಲು ಕಾಲೇಜಿಗೆ ಹೋದ. ಆಟದ ದುಡ್ಡೆಲ್ಲ ಗೇಟಿನಲ್ಲಿ ಔಷಧಿ ನೀರು ಚಿಮುಕಿಸುವ ಕಮಾನಾಗಿ ನಿಂತಿತ್ತು.

ಕಮಾನಿನಾಚೆ ಕಾಲೇಜಿನ ಸೆಕ್ರೆಟರಿ ಜಗದೇವಪ್ಪ ಸಾವ್ಕಾರ ಕುರ್ಚಿ ಹಾಕಿಕೊಂಡು ಕೂತಿದ್ದ.

"ಅಲ್ಲೇ ನಿಂದ್ರಲೇ, ಬೋಸುಡಿ ಮಗನ. ಕೊರೊನಾಕ್ಕ ಮಾಸ್ಕ್ ಅದ, ನಿನ್ನ ಕುರಿ ನಾತಕ್ಕ ಏನದ?"

ಮೂರು ಸಲ ಕಮಾನಿನಡಿ ಹಾಯಿಸಿದ. ಅಂಗಿ ತೊಟ್ಟಿಕ್ಕುತ್ತಿದ್ದರೂ ಹಣಮೇಶ ಹಲ್ಲು ಕಿಸಿದು, ಪಿಚ್ಚರಿನಲ್ಲಿ ಹೀರೋ ನೆನೆದ ಕೂಡಲೇ ಹಾಡು ಶುರುವಾಗುತ್ತದೆ ಎಂದ. ಆಟದ ಮಾಸ್ತರ ಸಂಗಮನಾಥ ನೆಲ ನೋಡುತ್ತಿದ್ದ.

"ಹಾಡು ಆಮ್ಯಾಲ ಹಾಡಾವಂತಿ. ಮದ್ಲ ನನ್ನ ಮಗನ ಫೋನ್ ಹಿಡ್ಕೊಂಡು ಅವನ ಹೆಸರೀಲೆ ಓಡು, ಸಹಿ ಮಾಡಸ್ತೀನಿ. ನಾಳಿಗಿ ಮಾಸ್ತರನ ಫೋನ್ ತಗೊಂಡು ನಿನ್ನ ಹೆಸರೀಲೆ ಓಡು. ಯಾರ್ ಬ್ಯಾಡಂತಾರ?"

ಸಹಿ ಸಿಕ್ಕಿತು. ಸಂಜೆ ಫೋನು ಮರಳಿ ಬಂದಾಗ ಸಾವ್ಕಾರ ಅದಕ್ಕೆ ಔಷಧಿ ಸುರಿದು ಟವೆಲ್ಲಿನಿಂದ ಉಜ್ಜಿ ಉಜ್ಜಿ ಒರೆಸಿದ. ಆಮೇಲೆ ಟವೆಲ್ಲನ್ನೂ ಎಸೆದ.

ಫ್ಲೆಕ್ಸು ಏರಿದ ದಿನದಿಂದ ಹಣಮೇಶ ಟಗರಿನ ಕಥೆ ಹೇಳತೊಡಗಿದ. ಕಟ್ಟೆಯ ಮೇಲೆ, ಚಹಾದಂಗಡಿಯಲ್ಲಿ, ಕೊನೆಗೆ ತನ್ನ ಮನೆಯ ಅಂಗಳದಲ್ಲೂ, ಕುಣಿದು, ಡೈಲಾಗು ಹೊಡೆದು. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕು ಹೋದ ಮೇಲೆ, ಉಣ್ಣೆ ಹಿಂಜುತ್ತಿದ್ದ ತಾಯಿ ಮಾಳಮ್ಮ ತಲೆ ಎತ್ತದೆ ಕೇಳಿದಳು:

"ಆವತ್ತು ಕಾಲಿಗಿ ಮುಳ್ಳು ನಟ್ಟು ಟಗರು ಇಲ್ಲೇ ಬಿದ್ದಿತ್ತಲ್ಲೋ, ತಮ್ಮಾ."

ಇನ್ನು ನಿಮಗೂ ಸುಳ್ಳು ಹೇಳಿ ಉಪಯೋಗವಿಲ್ಲ. ಓಡಿದವನು ಹಣಮೇಶನೇ. ಕುಂಟಬಹುದಿತ್ತು, ಸಾವಕಾಶ ಓಡಬಹುದಿತ್ತು. ಮೊದಲ ಕಿಲೋಮೀಟರ್ ಹಾಗೇ ಓಡಿದ ಕೂಡ. ಹಿಂದೆ ಕಾರಿನಲ್ಲಿ ಬರುತ್ತಿದ್ದ ಸಾವ್ಕಾರ ಆಗ ಗಾಜು ಇಳಿಸಿದ.

"ಶಾಬಾಶ್, ಹಣಮೇಶ."

ಬೈಗುಳ ಬಿಟ್ಟು, ಹೆಸರು ಹಿಡಿದು. ಅಷ್ಟೇ. ಹುಟ್ಟಿದಾಗಿನಿಂದ ಹಣಮೇಶ ಅಷ್ಟು ಜೋರಾಗಿ ಓಡಿರಲಿಲ್ಲ.

ಮರುದಿನ ತನ್ನ ಹೆಸರಿನಲ್ಲಿ ಓಡಿದ. ತಂಡ ಸೇರಲು ನಿನ್ನೆಯ ತನ್ನನ್ನೇ ಹಿಂದೆ ಹಾಕಬೇಕಿತ್ತು. ಹನ್ನೊಂದು ಸೆಕೆಂಡು ತಡವಾಯಿತು. ಅವತ್ತು ಕಾರು ಬಂದಿರಲಿಲ್ಲ. ಆದರೂ ಹಣಮೇಶ ಮೂರು ಸಲ ಹಿಂತಿರುಗಿ ನೋಡಿದ್ದ.